ಅಣ್ಣನ ಗಡ್ಡಕ್ಕೊಂದು ಹೊಸ ಕತ್ತಿ

ಅಣ್ಣನ ಗಡ್ಡವೆಂದರೆ ತಂತಿಬ್ರಶ್ಶು. ಒಂದೇ ಕ್ಷೌರದಂಗಡಿಯಲ್ಲಿ ಮೂವತ್ತು ವರ್ಷ ದುಡಿದ ಅಣ್ಣತಮ್ಮಂದಿರು ಪ್ರತಿ ಭಾನುವಾರ ಒಬ್ಬರಿಗೊಬ್ಬರು ಕ್ಷೌರ ಮಾಡಿಕೊಳ್ಳುತ್ತಿದ್ದರು. ಅಣ್ಣನಿಗೆಂದೇ ತಮ್ಮ ಒಂದು ದಪ್ಪ ಅಲಗಿನ ಕತ್ತಿ ಇಟ್ಟಿದ್ದ. ಅದು ಕೆನ್ನೆಯ ಮೇಲೆ ಕರಕರ ಎನ್ನದಿದ್ದರೆ, ಕೆಲಸ ಕಲಿಸಿದ ಅಣ್ಣ ಕಣ್ಣು ಮುಚ್ಚಿಕೊಂಡೇ ಗದರುತ್ತಿದ್ದ: "ನಿದ್ದೆ ಮಾಡ್ತಿದೀಯೇನೋ? ಸದ್ದೇ ಇಲ್ಲ!"

ಈಗ ಕಾಯಿಲೆ ಅವನನ್ನು ಹಾಸಿಗೆ ಹಿಡಿಸಿತ್ತು. ಔಷಧಿಯ ಕಾವಿಗೆ ಗಡ್ಡ ಉದುರಿ ಅಲ್ಲೊಂದು ಇಲ್ಲೊಂದು ಎಳೆ ಉಳಿದಿತ್ತು. ಚರ್ಮ ಈರುಳ್ಳಿ ಸಿಪ್ಪೆಯಂತಾಗಿತ್ತು. ಅತ್ತಿಗೆ ಕನ್ನಡಿ ಬಚ್ಚಿಟ್ಟಿದ್ದರು.

ಕತ್ತಿಯಂಗಡಿಗೆ ಹೋದ ತಮ್ಮ, ಎರಡೂ ಮಗ್ಗುಲು ಒಳಕ್ಕೆ ಬಾಗುವಂತೆ ಮಸೆದ ತೆಳು ಅಲಗನ್ನು ಆರಿಸಿದ.

"ಅದು ಕಾರ್ಬನ್ ಉಕ್ಕು. ಮಸೆದ್ರೆ ಕೂದಲು ಸೀಳುತ್ತೆ, ಆದ್ರೆ ಒರೆಸದೆ ಬಿಟ್ರೆ ತುಕ್ಕು ಹಿಡಿಯುತ್ತೆ," ಎಂದ ಅಂಗಡಿಯವನು. "ಸ್ಟೇನ್‌ಲೆಸ್ ತಗೊಳ್ಳಿ ಯಜಮಾನ್ರೇ, ಇಪ್ಪತ್ತು ವರ್ಷ ಬಾಳುತ್ತೆ."

"ಅಷ್ಟು ದಿನ ಬೇಡಪ್ಪ." ತಮ್ಮ ಕಾರ್ಬನ್ ಕತ್ತಿಯನ್ನೇ ಕಟ್ಟಿಸಿಕೊಂಡ.

ಭಾನುವಾರ ಬೆಳಿಗ್ಗೆ ನೊರೆ ಹಚ್ಚಿ, ಉಸಿರು ಬಿಗಿಹಿಡಿದು ಕ್ಷೌರ ಮುಗಿಸಿದ. ಒಂದು ಗೀರೂ ಬೀಳಲಿಲ್ಲ. ಕತ್ತಿ ಒರೆಸುತ್ತಿರುವಾಗ ಅಣ್ಣ ಮುಚ್ಚಿದ ಕಣ್ಣಲ್ಲೇ ಗೊಣಗಿದ: "ಯಾವಾಗ ಶುರು ಮಾಡ್ತೀಯೋ? ಕಾಯ್ತಾ ಇದೀನಿ."

"ಇದೋ, ಈಗ ಶುರು ಮಾಡ್ದೆ ಅಣ್ಣ."

ತಮ್ಮ ಮತ್ತೆ ನೊರೆ ಹಚ್ಚಿದ. ಹೊಸ ಕತ್ತಿಯ ಬೆನ್ನನ್ನು ಅಣ್ಣನ ಕೆನ್ನೆಯ ಮೇಲೆ ಮೆಲ್ಲಗೆ ಎಳೆಯುತ್ತ, ಅವನ ಕಿವಿಯ ಹತ್ತಿರ ಬಾಗಿದ. ಇನ್ನೊಂದು ಕೈಯಲ್ಲಿ ಹಳೆಯ ದಪ್ಪ ಕತ್ತಿ ಹಿಡಿದು, ಅಣ್ಣ ಹಾಸಿಗೆ ಹಿಡಿದಾಗಿನಿಂದ ಬೆಳೆದಿದ್ದ ತನ್ನ ಗಡ್ಡವನ್ನು ಕರಕರ ಕೆರೆಯತೊಡಗಿದ.

ಅಣ್ಣನ ಮುಖ ಅರಳಿತು. "ನೋಡ್ದ್ಯಾ, ನನ್ನ ಗಡ್ಡ ಇನ್ನೂ ಎಷ್ಟು ಗಟ್ಟಿಯಿದೆ!"