ನಮ್ಮ ಬೀದಿ ನೋಡದ ವಿಶ್ವಕಪ್

ಆಗೆಲ್ಲ ವಿಶ್ವಕಪ್ ಬಂತೆಂದರೆ ಕುಂಬಾರಕೊಪ್ಪಲಿನ ನಮ್ಮ ಬೀದಿಗೆ ಹುಚ್ಚು ಹಿಡಿಯುತ್ತಿತ್ತು. ಟೀ ಅಂಗಡಿಯ ಪುಟ್ಟಸ್ವಾಮಣ್ಣ ಪ್ರೊಜೆಕ್ಟರ್ ಬಾಡಿಗೆಗೆ ತಂದು, ಗೋಡೆಗೆ ಬಿಳಿ ಪಂಚೆ ಬಿಗಿಯುತ್ತಿದ್ದರು. ನಾವು ಮಕ್ಕಳು ಗಾಳಿ ಹೋದ ಚೆಂಡನ್ನು ಒದ್ದು ಒದ್ದು ಸುಸ್ತಾಗಿ, ಚುರುಮುರಿ ಪೊಟ್ಟಣ ಹಿಡಿದು ಮುಂದೆ ಕೂರುತ್ತಿದ್ದೆವು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಬಂದ ಫುಟ್‌ಬಾಲ್ ಕಪ್ಪನ್ನು ಮಾತ್ರ ಯಾರೂ ನೋಡಲಿಲ್ಲ.

ಅದು ನಡೆದದ್ದು ಮರಳುಗಾಡಿನ ದೇಶವೊಂದರಲ್ಲಿ. ಅಲ್ಲಿಯ ಸ್ಟೇಡಿಯಮ್ಮಿಗೆ ವೆಲ್ಡಿಂಗ್ ಮಾಡಲು ನನ್ನಪ್ಪ ಹೋಗಿದ್ದರು. ಪಾಸ್‌ಪೋರ್ಟು ಕಂಪನಿಯವರ ಕೈಲಿತ್ತು. ಸುಡುವ ಮಧ್ಯಾಹ್ನವೂ ಬಿಡುವಿರಲಿಲ್ಲ. ವಿಡಿಯೋ ಕಾಲಿನಲ್ಲಿ ಅದನ್ನೆಲ್ಲ ನಗುತ್ತಲೇ ಹೇಳುತ್ತಿದ್ದರು.

"ಚಾವಣಿ ತುದಿ ಬೆಸುಗೆ ನಂದು ಕಣಮ್ಮ. ಮ್ಯಾಚ್ ದಿನ ಅವ್ವನ್ನೂ ಕೂರಿಸ್ಕೊಂಡು ನೋಡು."

ಕಪ್ ಶುರುವಾಗುವ ಮೊದಲೇ ಅಪ್ಪ ಪೆಟ್ಟಿಗೆಯಲ್ಲಿ ಬಂದರು. ಬಿಸಿಲಿಗೆ ಕುಸಿದರು ಎಂದು ಜೊತೆಯವರು ಹೇಳಿದರು. ಸಹಜ ಸಾವು ಎಂದು ಕಂಪನಿ ಹೇಳಿತು.

ಸಾವಾದ ಮನೆಯಿದ್ದರೆ ತಿಥಿಯವರೆಗೆ ಅಕ್ಕಪಕ್ಕದವರು ಟೀವಿ ಹಾಕದಿರುವುದು ನಮ್ಮ ಬೀದಿಯ ರೂಢಿ. ಅಪ್ಪನ ತಿಥಿ ಮುಗಿದ ಸಂಜೆ ಪುಟ್ಟಸ್ವಾಮಣ್ಣ ನಮ್ಮ ಜಗಲಿಗೆ ಬಂದರು.

"ಆಳ್ನ ಕೊಂದ ಆಟ ನಮ್ಗ್ಯಾಕವ್ವ? ಎಲ್ಲಾ ಮಾತಾಡ್ಕೊಂಡಿದ್ದೀವಿ. ಈ ಕಪ್ ಮುಗಿಯೋಗಂಟ ಬೀದೀಲಿ ಒಬ್ರೂ ಟೀವಿ ಹಾಕಲ್ಲ."

ಅವರೆಕಾಯಿ ಸುಲಿಯುತ್ತಿದ್ದ ಅವ್ವ ಕೈ ಮುಗಿದಳು. ಅಷ್ಟು ಪ್ರೀತಿಯಿಂದ ಬಂದವರಿಗೆ ಬೇಡವೆನ್ನುವುದು ಹೇಗೆ?

ಮೊದಲ ಮ್ಯಾಚಿನ ಸಂಜೆ ಬೀದಿಯಲ್ಲಿ ಹಿತಕಿದ ಅವರೆ ಸಾರಿನ ಘಮ ಬಿಟ್ಟರೆ ಏನೂ ಇರಲಿಲ್ಲ. ನಾನು ರಿಮೋಟ್ ಎತ್ತಿಕೊಂಡೆ.

"ಸೌಂಡ್ ಇಲ್ದೆ ಹಾಕ್ತೀನಿ ಕಣವ್ವ. ಚಾವಣಿ ನೋಡಿ ಆರಿಸ್ಬುಡ್ತೀನಿ."

"ಬ್ಯಾಡ ಕಣೆ. ನಮ್ಗೋಸ್ಕರ ಬೀದಿಯೇ ಕಣ್ಮುಚ್ಕೊಂಡು ಕೂತದೆ. ನಾವೇ ನೋಡುದ್ರೆ ಏನನ್ಕತ್ತಾರೆ?"

ಹಾಗೆಂದ ಅವ್ವನ ಕಣ್ಣು ಟೀವಿಯ ಮೇಲೆಯೇ ಇತ್ತು. ನನಗೆ ಪುಟ್ಟಸ್ವಾಮಣ್ಣನ ಮೇಲೆ ಮೈಯೆಲ್ಲ ಉರಿಯಿತು. ಕುಂಬಾರಕೊಪ್ಪಲು ನೋಡದಿದ್ದರೆ ಆ ದೊರೆಗಳಿಗೇನು ನಷ್ಟ? ಒಬ್ಬ ಆಳಿಗಾದರೂ ಪಾಸ್‌ಪೋರ್ಟು ವಾಪಸ್ ಸಿಕ್ಕಿತೇ? ಆಮೇಲೆ ಫೋನಿನಲ್ಲಿ ಆ ಚಾವಣಿಯ ಫೋಟೊ ಹುಡುಕಿ ತೋರಿಸಿದೆ. ಅವ್ವ ಬೆರಳಾಡಿಸಿ, "ಇದ್ರಲ್ಲಿ ನಿಮ್ಮಪ್ಪನ ಬೆಸುಗೆ ಯಾವ್ದು?" ಅಂದಳು. ನನಗೂ ಗೊತ್ತಿರಲಿಲ್ಲ.

ಈಗ ಪುಟ್ಟಸ್ವಾಮಣ್ಣನಿಲ್ಲ. ಅವರ ಅಂಗಡಿ ಜಾಗದಲ್ಲಿ ದೊಡ್ಡ ಹೋಟೆಲು, ಹೊರಗೆ ಅದಕ್ಕೆ ತಕ್ಕ ಪರದೆ. ಇನ್ನೊಂದು ದೇಶದಲ್ಲಿ ಮುಂದಿನ ಕಪ್ಪಿಗೆ ಸ್ಟೇಡಿಯಂ ಕಟ್ಟಲು ಹೋಗಿದ್ದ ಎದುರು ಮನೆಯ ರಮೇಶ ಈಚೆಗೆ ಪೆಟ್ಟಿಗೆಯಲ್ಲಿ ಬಂದ. ಆವತ್ತು ಸಂಜೆಯೂ ಪರದೆಯ ಮೇಲೆ ಯಾವುದೋ ಮ್ಯಾಚು ನಡೆದೇ ಇತ್ತು. ಗೋಲಿಗೆ ಕೇಕೆ ಬಿದ್ದಾಗಲೆಲ್ಲ ಎದುರು ಮನೆಯ ಅಳು ಕೇಳಿಸುತ್ತಿರಲಿಲ್ಲ.

ಅವ್ವ ಎದ್ದು ನಮ್ಮ ಟೀವಿ ಆರಿಸಿದಳು. ದೀಪವನ್ನೂ ಆರಿಸಿ ಬೀದಿ ಕಡೆಯ ಕಿಟಕಿ ತೆರೆದಳು.

"ನಾವೊಬ್ರು ಆರಿಸುದ್ರೆ ಏನಾಗ್ತದವ್ವ?"

"ಏನೂ ಆಗಲ್ಲ ಕಣೆ," ಅಂದಳು. "ರಮೇಶನ ಹೆಂಡ್ತಿಗೆ ಕಾಣ್ತದೆ."