ನರಹುಲಿ ಯಾರಿಂದ ಬಂತು?

ಎರಡು ತಿಂಗಳ ಹಿಂದೆ ನಾನು ಹತ್ತು ವರ್ಷದ ಹುಡುಗಿಯೊಬ್ಬಳನ್ನು ಅವಳ ಬೆಂಚಿನಿಂದ ಎಬ್ಬಿಸಿಬಿಟ್ಟೆ. ಖುದ್ದಾಗಿ ಅಲ್ಲ, ಟೀಚರಿಗೆ ಹೇಳಿ. (ಎದುರಿಗೆ ನಿಂತು ಎಬ್ಬಿಸುವ ಧೈರ್ಯ ನನಗೆಲ್ಲಿದೆ?)

ಕಾರಣ, ನನ್ನ ಮಗಳು ಸಿಂಚನಾಳ ಹೆಬ್ಬೆರಳಿನ ಉಗುರಿನ ಪಕ್ಕ ಎದ್ದಿದ್ದ ನರಹುಲಿ. ಹೂಕೋಸಿನ ಚೂರಿನ ಹಾಗೆ ಒರಟು. ಒಂದಿದ್ದದ್ದು ಮೂರಾಯಿತು.

"ಕುದುರೆ ಕೂದ್ಲು ಕಟ್ಟಮ್ಮ, ತಾನಾಗೇ ಉದುರೋಗ್ತದೆ" ಅಂದರು ಅತ್ತೆ. ದೇವನಹಳ್ಳಿ ಪಕ್ಕದ ನಮ್ಮ ವಿಜಯಪುರದಲ್ಲಿ ಕುದುರೆಯನ್ನು ಎಲ್ಲಿ ಹುಡುಕಲಿ? ಪಕ್ಕದ ಮನೆಯವರು ಸುಣ್ಣಕ್ಕೆ ಸೋಪು ಕಲಸಿ ಹಚ್ಚಿ ಅಂದರು. ಹಚ್ಚಿದೆ. ಸುತ್ತಲಿನ ಚರ್ಮ ಸುಟ್ಟು ಮಗಳು ಕಿರುಚಿದಳು. ನರಹುಲಿ ಮಾತ್ರ ಕದಲಲಿಲ್ಲ.

ಆಗ ಕಣ್ಣಿಗೆ ಬಿದ್ದವಳು ಪಲ್ಲವಿ. ಶಾಲೆಯಲ್ಲಿ ಮಗಳ ಪಕ್ಕ ಕೂರುವವಳು. ಅವಳಮ್ಮ ರತ್ನಮ್ಮ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಾರೆ. ಪಲ್ಲವಿಯ ಕೈಯಲ್ಲೂ ಅಂಥದ್ದೇ ಒಂದು! ಇನ್ನೇನು ಬೇಕು? ಟೀಚರಿಗೆ ಫೋನ್ ಮಾಡಿದೆ, ಮರುದಿನವೇ ಸೀಟು ಬದಲಾಯಿತು. ಆ ದಿನ ಸಿಂಚನಾ ಊಟ ಮಾಡಲಿಲ್ಲ. ಹಟ ಅಂದುಕೊಂಡೆ.

ಕೊನೆಗೆ ದೇವನಹಳ್ಳಿಯ ಚರ್ಮದ ಡಾಕ್ಟರ ಹತ್ತಿರ ಹೋದೆವು.

"ಇದು ವೈರಸ್ಸಮ್ಮ, ಮಕ್ಕಳಲ್ಲಿ ತುಂಬಾ ಕಾಮನ್. ಎಷ್ಟೋ ಸಲ ತಾನಾಗೇ ಹೋಗುತ್ತೆ, ಆದ್ರೆ ತಿಂಗಳುಗಟ್ಟಲೆ, ಒಂದೊಂದ್ಸಲ ವರ್ಷಗಟ್ಟಲೆ ಆಗುತ್ತೆ" ಎಂದು ಸ್ಯಾಲಿಸಿಲಿಕ್ ಆಸಿಡ್ ಬರೆದುಕೊಟ್ಟರು. ಸುಟ್ಟ ಗಾಯ ಮಾಗಿದ ಮೇಲೆ ದಿನಾ ಬೆರಳನ್ನು ಬೆಚ್ಚಗಿನ ನೀರಲ್ಲಿ ನೆನೆಸಿ, ಸತ್ತ ಚರ್ಮ ಮೆಲ್ಲಗೆ ಉಜ್ಜಿ, ನರಹುಲಿಯ ಮೇಲಷ್ಟೇ ಹಚ್ಚಬೇಕು. ಕೀಳಬಾರದು, ಉಗುರು ಕಚ್ಚಬಾರದು. ಟವೆಲ್, ನೇಲ್ ಕಟರ್ ಬೇರೆ ಇಡಬೇಕು.

"ಯಾರಿಂದ ಬಂತು ಅಂತ ಗೊತ್ತು ಬಿಡಿ ಡಾಕ್ಟ್ರೇ" ಅಂದೆ.

"ಹೇಗೆ ಗೊತ್ತು? ಅಂಟಿ ಎಷ್ಟೋ ತಿಂಗಳಾದ್ಮೇಲೆ ಕಾಣಿಸ್ಕೊಳ್ಳುತ್ತೆ ಇದು. ಮನೇಲಿ ಬೇರೆ ಯಾರಿಗಾದ್ರೂ ಇದ್ಯಾ?"

ಇಲ್ಲ ಅಂದೆ. ಸಿಂಚನಾ ಬಾಯಿ ಹಾಕಿದಳು: "ಅಮ್ಮನ ಕಾಲಲ್ಲಿ ಆಣಿ ಇದೆ."

ಡಾಕ್ಟರ್ ನನ್ನ ಹಿಮ್ಮಡಿಗೆ ಟಾರ್ಚ್ ಹಿಡಿದರು. ಒಳಗೆ ಸಣ್ಣ ಕರಿ ಚುಕ್ಕೆಗಳು. "ಇದು ಆಣಿ ಅಲ್ಲಮ್ಮ, ನರಹುಲಿನೇ."

ಎರಡು ವರ್ಷದಿಂದ ಅದನ್ನು ಬಚ್ಚಲುಮನೆಯ ಕಲ್ಲಿನಿಂದ ಉಜ್ಜುತ್ತಿದ್ದೇನೆ. ಮಗಳೂ ಅದೇ ಕಲ್ಲಿನಿಂದ ಮೈ ಉಜ್ಜಿಕೊಳ್ಳುತ್ತಾಳೆ. ಹಾಗಾದರೆ ನನ್ನಿಂದಲೇ ಬಂತೇ? "ಅದನ್ನೂ ಖಂಡಿತವಾಗಿ ಹೇಳಕ್ಕಾಗಲ್ಲ" ಅಂದುಬಿಟ್ಟರು. ಈಗ ಯಾರನ್ನು ದೂರಲಿ, ನೀವೇ ಹೇಳಿ?

ಬಸ್ಸಿನಲ್ಲಿ ಮಗಳನ್ನು ಕೇಳಿದೆ, "ಮೊದ್ಲು ಯಾರಿಗೆ ಬಂದಿದ್ದು ಕಣೇ?"

"ನಂಗೇ. ಪಲ್ಲವಿಗೆ ಆಮೇಲೆ ಬಂತು. ನೀನು ಕೇಳ್ಲೇ ಇಲ್ವಲ್ಲ."

ಮರುದಿನ ರತ್ನಮ್ಮನ ಮನೆಗೆ ಹೋದೆ. ಸೀಟು ಬದಲಾಯಿಸಿದ್ದು ನಾನೇ, ತಪ್ಪಾಯಿತು ಅಂದೆ. ಅವರು ಬಯ್ಯಲಿಲ್ಲ, ನಗಲೂ ಇಲ್ಲ.

"ನಾನೂ ಟೀಚರಿಗೆ ಹೇಳೋಳಿದ್ದೆ ಮೇಡಂ, ನಿಮ್ ಮಗಳಿಂದ ಅಂಟ್ಕೊಂಡೈತೆ, ಬೇರೆ ಕೂರ್ಸಿ ಅಂತ. ನಮ್ಮುಡುಗಿ ಅತ್ತಳು. ಅದಕ್ಕೇ ಸುಮ್ನಾದೆ."

ಔಷಧಿಯ ಹೆಸರು ಬರೆದುಕೊಟ್ಟು ಎದ್ದು ಬಂದೆ.

ಮಕ್ಕಳಿಬ್ಬರೂ ಈಗ ಮತ್ತೆ ಅಕ್ಕಪಕ್ಕ. ಸಿಂಚನಾಳ ನರಹುಲಿಗಳು ಚಪ್ಪಟೆಯಾಗುತ್ತಿವೆ, ನನ್ನದು ಹಾಗೇ ಇದೆ.

ಸುಮ್ಮನಾಗಲು ರತ್ನಮ್ಮನಿಗೆ ಮಗಳ ಅಳುವೊಂದೇ ಸಾಕಾಗಿತ್ತು; ಮಗಳು ಊಟ ಬಿಟ್ಟರೂ ನನಗೆ ಡಾಕ್ಟರೇ ಯಾಕೆ ಬೇಕಾದರು?