ಹುಲಿಗೆವ್ವನ ಸೇಂದಿ ಅಂಗಡಿ ಯಾವ ಓಣಿಯದು?

ಗೆಳೆಯರೇ, ಮದ್ರಾಸ್ ಸರ್ಕಾರದ ಹುಕುಮಿನಂತೆ ಹೊಸಪೇಟೆಯ ಸೇಂದಿ ಅಂಗಡಿಗಳನ್ನು ಓಣಿವಾರು ವಿಂಗಡಿಸಲು ಇವತ್ತು ಅಬ್ಕಾರಿ ಸಾಹೇಬರು ಬಂದಿದ್ದರು. ನಮ್ಮ ಓಣಿಯಲ್ಲಿರುವುದು ಹುಲಿಗೆವ್ವನ ಅಂಗಡಿಯೊಂದೇ. ಅದು ಅಕ್ಕಿ ಗಿರಣಿಯ ಬಸಣ್ಣ ಧಣಿಗಳ ಮನೆಗೆ ಅಂಟಿಕೊಂಡಿದೆ.

"ಇದನ್ನ ಊರಂಚಿನ ಚಿತ್ತವಾಡ್ಗಿಗೆ ಬರ್ಕೊಳ್ರಿ. ನಮ್ದು ಮರ್ಯಾದಸ್ಥರ ಓಣಿ," ಎಂದರು ಧಣಿಗಳು.

"ಇದ ಓಣ್ಯಾಗ ಹುಟ್ಟೀನ್ರಿ, ಚಿತ್ತವಾಡ್ಗಿಯಾಕಿ ಹ್ಯಾಂಗ ಆದೆ?" ಎಂದು ಹುಲಿಗೆವ್ವ ಕೂಗಿದಳು.

ಧಣಿಗಳ ಮನೆಯ ಕಾಫಿ ಕುಡಿದಿದ್ದ ಸಾಹೇಬರು ಚಿತ್ತವಾಡ್ಗಿ ಎಂದೇ ಬರೆದರು. ಬರೆದ ಮೇಲೆ ಅಂಗಡಿಯೂ ಅಲ್ಲೇ ಇರಬೇಕಂತೆ! ಮಧ್ಯಾಹ್ನವೇ ಅವಳ ಮಡಕೆಗಳನ್ನು ಬಂಡಿಗೆ ಹೇರಿಸಿದರು. ಹುಲಿಗೆವ್ವ ಅಳುತ್ತ ಹಿಂದೆ ನಡೆದಳು.

ಸಂಜೆ ಧಣಿಗಳ ಜಟಕಾ ಚಿತ್ತವಾಡ್ಗಿಯ ಕಡೆ ಹೊರಟಿತು.

"ಎಲ್ಲಿಗ್ರೀ?" ಎಂದೆ.

"ಗಾಳಿ ತಗೊಳ್ಳಾಕ," ಎಂದರು.

ನಿನ್ನೆಯವರೆಗೂ ಆ ಗಾಳಿ ಅವರಿಗೆ ಹಿತ್ತಿಲ ಬಾಗಿಲಲ್ಲೇ ಸಿಗುತ್ತಿತ್ತು.